ಅಂಬಾಸಿಡರ್ ಡೋರ್ ಗ್ಯಾಪ್: ತಪ್ಪು ಹಿಂಜ್‌ನಲ್ಲಾ, ಸಿಲ್‌ನಲ್ಲಾ?

ಪ್ರಶ್ನೆ: ಅಣ್ಣಾ, ಅಪ್ಪನ ಕಾಲದ 1984ರ ಮಾರ್ಕ್ 4 ಅಂಬಾಸಿಡರ್. ನಮ್ಮದು ಕುಂದಾಪುರ. ಡ್ರೈವರ್ ಡೋರ್ ಹಿಂಭಾಗ ಇಳಿದಿದೆ. ಎತ್ತಿ ಹಾಕಿದರೆ ಮಾತ್ರ ಲಾಕ್ ಬೀಳುತ್ತದೆ. ಹಿಂದಿನ ಡೋರ್ ಜೊತೆಗಿನ ಗ್ಯಾಪ್ ಮೇಲೆ ಕೂದಲೆಳೆಯಷ್ಟು, ಕೆಳಗೆ ಬೆರಳು ತೂರುವಷ್ಟು. ಟಿಂಕರಿಂಗ್‌ನವರು ಅಂಚು ಬಡಿದು, ತಗ್ಗು ತುಂಬುವ ಪುಟ್ಟಿ ಹಾಕಿ ಸಮ ಮಾಡ್ತೀನಿ ಅಂತಾರೆ. ಪೇಂಟಿಂಗ್‌ಗೆ ಮೊದಲು ಮಾಡಿಸಲಾ?

ಉತ್ತರ: ಬೇಡ ತಮ್ಮಾ, ಈಗಲೇ ಅಂಚಿಗೆ ಸುತ್ತಿಗೆ ಮುಟ್ಟಿಸಬೇಡಿ. ಮೇಲೆ ಬಿಗಿ, ಕೆಳಗೆ ಅಗಲ ಅನ್ನೋ ಲಕ್ಷಣ ಎರಡು ಕಾರಣಕ್ಕೆ ಬರುತ್ತದೆ. ಹಿಂಜ್, ಅಂದರೆ ಡೋರ್ ತಿರುಗುವ ಕೀಲು, ಅದರ ಪಿನ್ ಸವೆದರೆ ಡೋರ್ ಜೋತು ಬೀಳುತ್ತದೆ. ಸಿಲ್, ಅಂದರೆ ಡೋರ್‌ಗಳ ಕೆಳಗೆ ಉದ್ದಕ್ಕೂ ಇರುವ ತಗಡಿನ ತೊಲೆ, ತುಕ್ಕು ಹಿಡಿದರೆ ಬಾಡಿಯೇ ನಡುವೆ ಕುಸಿದು ಡೋರ್ ಕೂರುವ ಜಾಗದ ಮೇಲ್ಭಾಗ ಕಿರಿದಾಗುತ್ತದೆ. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಸಿಲ್, ಫ್ಲೋರ್, ಪಿಲ್ಲರ್ (ಡೋರ್ ಪಕ್ಕದ ಕಂಬಗಳು) ಸೇರಿಯೇ ಭಾರ ಹೊರುತ್ತವೆ.

ಮೊದಲು ಡೋರ್ ಅರ್ಧ ತೆಗೆದು, ಹಿಂದಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ. ಇನ್ನೊಬ್ಬರು ಹಿಂಜ್ ನೋಡುತ್ತಿರಲಿ. ಪಿನ್ ಹತ್ತಿರ ಲೊಡಕಿದ್ದರೆ ಪಿನ್, ಅದು ಕೂರುವ ಬುಷ್ ಬದಲಿಸಿ. ಹಿಂಜ್ ಜೊತೆ ಪಿಲ್ಲರ್ ತಗಡೂ ಅಲುಗಿದರೆ ಒಳಗೆ ತುಕ್ಕು ಅಥವಾ ಬಿರುಕು ಇದೆ.

ಆಮೇಲೆ ಸಮ ನೆಲದಲ್ಲಿ ನಿಲ್ಲಿಸಿ, ನಡುವಿನ ಪಿಲ್ಲರ್ ಕೆಳಗೆ ಸಿಲ್‌ಗೆ ಹಲಗೆ ಕೊಟ್ಟು ಜಾಕ್ ಸ್ವಲ್ಪವೇ ಏರಿಸಿ. ಚಕ್ರ ನೆಲ ಬಿಡಬಾರದು, ಯಾರೂ ಗಾಡಿ ಕೆಳಗೆ ಹೋಗಬಾರದು. ಗ್ಯಾಪ್ ಬದಲಾದರೆ ಸಿಲ್ ಸತ್ತಿದೆ. ಹಲಗೆ ಒಳಕ್ಕೆ ಹೋದರೂ ಅದೇ ಅರ್ಥ. ಕಡಲ ಗಾಳಿ ತಿಂದ ಗಾಡಿಯಲ್ಲಿ ನನಗೆ ಮೊದಲ ಅನುಮಾನ ಇದರ ಮೇಲೇ.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಗಾಡಿಗೆ ಹೊಸ ರಬ್ಬರ್ ಬೀಡಿಂಗ್ ಹಾಕಿಸಿದೆ. ಈಗ ಡೋರ್ ಹೊರಗೇ ಉಬ್ಬಿ ನಿಲ್ಲುತ್ತೆ.

ಉತ್ತರ: ಬೀಡಿಂಗ್ ತೆಗೆದು ನೋಡಿ. ಡೋರ್ ತಾನಾಗಿ ಸರಿ ಕೂತರೆ ರಬ್ಬರ್ ದಪ್ಪ ಜಾಸ್ತಿ, ಬೇರೆ ತನ್ನಿ. ಪಿಲ್ಲರ್ ಮೇಲೆ ಲಾಕ್ ಕಚ್ಚಿಕೊಳ್ಳುವ ಸ್ಟ್ರೈಕರ್ ಒಳಕ್ಕೆ ಎಳೆದು ಬಲವಂತ ಮಾಡಬೇಡಿ.

ಮೊದಲ ಸದಸ್ಯರು: ಅಣ್ಣಾ, ಜಾಕ್ ಹಾಕಿದೆ. ಮೇಲಿನ ಗ್ಯಾಪ್ ಕಣ್ಣಿಗೆ ಕಾಣುವಷ್ಟು ತೆರೆಯಿತು. ಹಿಂಜ್‌ನಲ್ಲಿ ಲೊಡಕಿಲ್ಲ. ಕಾರ್ಪೆಟ್ ಎತ್ತಿದರೆ ಸಿಲ್ ಪಕ್ಕದ ಫ್ಲೋರ್ ಪುಡಿ ಪುಡಿ.

ಉತ್ತರ: ಹಾಗಾದರೆ ಹಿಂಜ್ ಮುಟ್ಟಲೇಬೇಡಿ. ಸಿಲ್, ಫ್ಲೋರ್ ಮೊದಲು. ಆದರೆ ಹಳೆ ಸಿಲ್ ಕತ್ತರಿಸುವ ಮುನ್ನ ಬಾಡಿಗೆ ಆಧಾರ ಕೊಟ್ಟು, ಡೋರ್ ಗ್ಯಾಪ್ ಸರಿ ಬರುವ ಮಟ್ಟಕ್ಕೆ ತಂದು, ಮುಂದಿನ ಪಿಲ್ಲರ್‌ನಿಂದ ನಡುವಿನ ಪಿಲ್ಲರ್‌ಗೆ, ಅಲ್ಲಿಂದ ಹಿಂದಕ್ಕೆ ಚೌಕ ಪೈಪ್ ವೆಲ್ಡ್ ಮಾಡಿಸಿ. ಇದಿಲ್ಲದೆ ಕತ್ತರಿಸಿದರೆ ಬಾಡಿ ಕುಸಿದ ರೂಪದಲ್ಲೇ ಹೊಸ ಸಿಲ್ ಕೂರುತ್ತದೆ. ಒಮ್ಮೆಗೆ ಒಂದೇ ಬದಿ. ಡೋರ್ ಜಾಗದ ಕರ್ಣಗಳ ಅಳತೆ ಬರೆದಿಟ್ಟು, ವೆಲ್ಡಿಂಗ್ ನಡುವೆ ಮತ್ತೆ ಮತ್ತೆ ಹಿಡಿದು ನೋಡಿ. ಪೂರ್ತಿ ಬೆಸೆಯುವ ಮೊದಲು ಬರೀ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಹಾಕಿಸಿ ಡೋರ್ ಕೂರಿಸಿ ನೋಡಿ.

ಪೈಪ್ ತೆಗೆದು ಗಾಡಿ ಚಕ್ರದ ಮೇಲೆ ನಿಂತ ಮೇಲೆ, ಎಂಜಿನ್ ಕೂತಿರುವಾಗಲೇ ಗ್ಯಾಪ್ ಹೊಂದಿಸಿ. ಖಾಲಿ ಬಾಡಿಯಲ್ಲಿ ಹೊಂದಿಸಿದ್ದು ಭಾರ ಬಿದ್ದ ಮೇಲೆ ಬದಲಾಗಬಹುದು. ಬೀಡಿಂಗ್, ಸ್ಟ್ರೈಕರ್ ಬಿಚ್ಚಿಟ್ಟು ಹಿಂದಿನಿಂದ ಮುಂದಕ್ಕೆ ಬನ್ನಿ. ಹಿಂದಿನ ಮಡ್‌ಗಾರ್ಡ್ ಅಲುಗದ್ದು, ಅದಕ್ಕೆ ಹಿಂದಿನ ಡೋರ್ ಹೊಂದಿಸಿ, ಅದಕ್ಕೆ ಮುಂದಿನ ಡೋರ್, ಆಮೇಲೆ ಮುಂದಿನ ಮಡ್‌ಗಾರ್ಡ್, ಕೊನೆಗೆ ಬಾನೆಟ್. ಮುಂದಿನ ಮಡ್‌ಗಾರ್ಡ್ ಬೋಲ್ಟ್‌ನದು, ವಾಷರ್ ಕೊಟ್ಟು ಸರಿಸಬಹುದು. ಮುಂದಿನಿಂದ ಶುರು ಮಾಡಿದವರ ತಪ್ಪೆಲ್ಲ ಹಿಂದಿನ ಡೋರ್‌ನಲ್ಲಿ ಸೇರಿಕೊಳ್ಳುತ್ತದೆ, ಅಲ್ಲಿ ಸರಿಸಲು ಜಾಗವೇ ಇರಲ್ಲ.

ಅಳತೆಗೆ ಹಳೆ ಎಟಿಎಂ ಕಾರ್ಡ್ ಸಾಕು. ಒಂದು ಸುಮಾರು ಮುಕ್ಕಾಲು ಮಿಲಿಮೀಟರ್, ಆರು ಜೋಡಿಸಿದರೆ ನಾಲ್ಕೂವರೆ. ಮೇಲಿನಿಂದ ಕೆಳಗಿನವರೆಗೆ ಅಷ್ಟು ಬಂದರೆ ನಾನು ಒಪ್ಪುತ್ತೇನೆ. ಈ ಗಾಡಿ ಹೊಸದಾಗಿ ಬಂದಾಗಲೂ ಗ್ಯಾಪ್ ಈಗಿನ ಕಾರುಗಳಷ್ಟು ಸಣ್ಣಗಿರಲಿಲ್ಲ, ಮೂರಕ್ಕೆ ಇಳಿಸಲು ಹೋಗಿ ಡೋರ್ ಹಾಳು ಮಾಡಬೇಡಿ.

ಎಲ್ಲ ಆದಮೇಲೂ ಎಲ್ಲೋ ಅಗಲ ಉಳಿದರೆ, ಅಂಚಿಗೆ ತೆಳು ಕಂಬಿ ಬೆಸೆದು ಗ್ರೈಂಡ್ ಮಾಡಿಸಿ. ಅಂಚಿನಲ್ಲಿ ಪುಟ್ಟಿ ನಿಲ್ಲಲ್ಲ, ಡೋರ್ ಬಡಿದಂತೆಲ್ಲ ಉದುರುತ್ತದೆ. ಪೇಂಟಿಂಗ್ ಬುಕ್ ಮಾಡಿದ್ದರೆ ಮುಂದಕ್ಕೆ ಹಾಕಿ. ಜಾಕ್ ಹಾಕಿದ ಕಡೆಯ ಫೋಟೋ, ಇನ್ನೊಂದು ಬದಿಯದೂ ಇಲ್ಲೇ ಹಾಕಿ, ಎಷ್ಟು ತಗಡು ಹೋಗಿದೆ ನೋಡಿ ಹೇಳುತ್ತೇನೆ.