ಅಪ್‌ಡೇಟ್: ವರ್ಮೀರನ ಬಣ್ಣಗಳನ್ನು ಕಚೇರಿಗೆ ಉಟ್ಟು ಹೋದೆ

ಡಚ್ ಚಿತ್ರಕಾರ ವರ್ಮೀರ್ ಸುಮಾರು 1665ರಲ್ಲಿ ಬರೆದ ‘ಮುತ್ತಿನೋಲೆಯ ಹುಡುಗಿ’ ಚಿತ್ರದ ಬಣ್ಣಗಳನ್ನು, ವೇಷ ಹಾಕಿದಂತೆ ಕಾಣದ ಹಾಗೆ, ಕಚೇರಿಗೆ ಉಡುವುದು ಹೇಗೆ ಎಂದು ಕೇಳಿದ್ದೆ. ಹುಡುಗಿಯ ನೀಲಿ ತಲೆವಸ್ತ್ರವನ್ನು ಮರೆತು ಯಾವ ಬಣ್ಣ ಎಷ್ಟಿದೆ ಎಂದು ನೋಡಿ ಎಂದಿರಿ. ಆ ಮಾತು ಎಲ್ಲವನ್ನೂ ಸುಲಭ ಮಾಡಿತು.

ಅವಳ ಅಂಗಿಯ ಮಂಕು ಹಳದಿಗಂದಿಗೆ ಹತ್ತಿಯ ಕುರ್ತಾ ಸಿಕ್ಕಿತು; ಕೊರಳಿಗೆ ದರ್ಜಿಯಿಂದ ತೆಳ್ಳಗಿನ ಬಿಳಿ ಅಂಚು ಕೊಡಿಸಿದೆ. ಉಡುಪಿಗೆ ಜೀವ ಬಂದದ್ದು ಆ ಬಿಳಿಯಿಂದಲೇ. ನೀಲಿ ದುಪಟ್ಟಾಕ್ಕಾಗಿ ಮಾತ್ರ ಬಹಳ ಅಲೆದೆ. ವರ್ಮೀರನ ನೀಲಿ ಲಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ್ದು. ಅಂಗಡಿಯ ಕಡುನೀಲಿಯಲ್ಲಿ ಆ ಬೆಳಕಿಲ್ಲ. ಕೊನೆಗೆ ಕೈಮಗ್ಗದ ತುಸು ತಿಳಿಯಾದ ಬಟ್ಟೆ ಒಪ್ಪಿತು.

ಸಲ್ವಾರ್‌ಗೆ ಕಪ್ಪು ಎಂದಿದ್ದಿರಿ, ನಾನು ಕಡುಹಸಿರು ಆರಿಸಿದೆ. ಹೇಗ್ ನಗರದ ಮಾರಿಟ್ಸ್‌ಹೌಸ್ ಸಂಗ್ರಹಾಲಯ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈಗ ಕಪ್ಪಾಗಿ ಕಾಣುವ ಹಿನ್ನೆಲೆ ಮೂಲದಲ್ಲಿ ಹಸಿರು ಪರದೆ. ಅದು ತಿಳಿದ ಮೇಲೆ ಕಪ್ಪಿಗೆ ಮನಸ್ಸು ಬರಲಿಲ್ಲ.

ಕಿವಿಗೆ ಮುತ್ತು, ಬೇರೆ ಒಡವೆಯಿಲ್ಲ. ಚಿತ್ರವನ್ನು ಯಾರೂ ಗುರುತಿಸಲಿಲ್ಲ, ಬಣ್ಣಗಳು ಚೆನ್ನಾಗಿ ಕೂಡಿವೆ ಎಂದರು. ನನಗೆ ಬೇಕಿದ್ದದ್ದೂ ಅದೇ. ಮುಂದಿನದು ಜಪಾನಿನ ಕಲಾವಿದ ಹೊಕುಸಾಯಿಯ ‘ದೊಡ್ಡ ಅಲೆ’ ಚಿತ್ರ. ಅದರ ಪ್ರಷ್ಯನ್ ನೀಲಿ ಎಂಬ ಕಡುನೀಲಿಗೆ ಸೀರೆಯಿದೆ. ಆಕಾಶದ ಮಾಸಲು ಬಣ್ಣಕ್ಕೆ ಎಂಥ ರವಿಕೆ ಹೊಲಿಸಲಿ, ಹೇಳುತ್ತೀರಾ?