ಮಾ ಶಿಂಗ್ ಶಿ ಗಾನ್ ಕಷಾಯ: ಜಿಪ್ಸಮ್ ಕರಗುವುದೇ ಇಲ್ಲವಲ್ಲ?

ಪ್ರಶ್ನೆ:
ಫ್ಲೂ ಬಂದು ಜ್ವರ, ಕೆಮ್ಮು, ಏದುಸಿರು ಒಟ್ಟಿಗೆ ಇದ್ದಾಗ ಚೀನೀ ವೈದ್ಯರು ಬರೆಯುವ ಕಷಾಯ ಇದು. ಮಾಹ್ವಾಂಗ್, ಅಂದರೆ ಎಫೆಡ್ರಾ ಕಡ್ಡಿ, 9 ಗ್ರಾಂ, ಕಹಿ ಏಪ್ರಿಕಾಟ್ ಬೀಜ 9, ಜೇನಿನಲ್ಲಿ ಹುರಿದ ಜ್ಯೇಷ್ಠಮಧು 6, ಜಿಪ್ಸಮ್ 18. ಎಲ್ಲ ಒಟ್ಟಿಗೆ ನೆನೆಸಿ ಕುದಿಸಿದರೆ ಜಿಪ್ಸಮ್ ತಳದಲ್ಲೇ ಕೂರುತ್ತದೆ. ಕ್ರಮ ತಪ್ಪಿದೆಯೇ? ಜೊತೆಗೆ ಲಿಯೆನ್‌ಹ್ವಾ ಚಿಂಗ್‌ವೆನ್ ಎಂಬ ಚೀನೀ ಗಿಡಮೂಲಿಕೆ ಕ್ಯಾಪ್ಸೂಲ್ ನುಂಗಬಹುದೇ?

ಉತ್ತರ 1:
ಜಿಪ್ಸಮ್ ಲೀಟರ್ ನೀರಿಗೆ ಸುಮಾರು 2 ಗ್ರಾಂ ಮಾತ್ರ ಕರಗುತ್ತದೆ, ಬಿಸಿ ಮಾಡಿದರೂ ಹೆಚ್ಚುವುದಿಲ್ಲ. ಹಾಗಾಗಿ ತಳದಲ್ಲಿ ಉಳಿಯುವುದು ಸಹಜ. ಈಗಿನ ರೂಢಿಯಂತೆ ಪುಡಿಮಾಡಿ, ಬೇರೆಯವಕ್ಕಿಂತ 20–30 ನಿಮಿಷ ಮೊದಲೇ ಕುದಿಯಲು ಇಡಿ. ಸುಡದ ಜಿಪ್ಸಮ್ಮೇ ಬೇಕು. ಸುಟ್ಟದ್ದು ಗಾಯಕ್ಕೆ ಹಚ್ಚುವ ಮದ್ದು, ನೀರು ತಾಗಿದರೆ ಗಟ್ಟಿಯಾಗುತ್ತದೆ.

ಪ್ರಾಚೀನ ಚೀನೀ ವೈದ್ಯ ಝಾಂಗ್ ಝೋಂಗ್‌ಜಿಂಗ್ ಸುಮಾರು 1800 ವರ್ಷ ಹಿಂದೆ ಹೇಳಿದ ಕ್ರಮದಲ್ಲಾದರೆ ಮಾಹ್ವಾಂಗ್ ಮೊದಲು: 7 ಅಳತೆ ನೀರಿನಲ್ಲಿ 2 ಅಳತೆ ಇಂಗುವವರೆಗೆ ಅದೊಂದನ್ನೇ ಕುದಿಸಿ ನೊರೆ ತೆಗೆಯಬೇಕು, ಉಳಿದವನ್ನು ಹಾಕಿ 2 ಅಳತೆಗೆ ಇಳಿಸಬೇಕು. ನೊರೆ ಬಿಟ್ಟರೆ ಚಡಪಡಿಕೆ ಬರುತ್ತದೆ ಎಂಬುದು ಹಳೆಯ ವೈದ್ಯರ ನಂಬಿಕೆ.

ನಿಜವಾದ ತಪ್ಪು ಬೀಜ ನೆನೆಸಿದ್ದರಲ್ಲಿದೆ. ತಣ್ಣೀರಿನಲ್ಲಿ ಅದರದೇ ಕಿಣ್ವ ಬೀಜದಲ್ಲಿರುವ ಅಮಿಗ್ಡಲಿನ್ ಎಂಬ ವಸ್ತುವನ್ನು ಒಡೆದು ಸಯನೈಡ್ ಬಿಡುತ್ತದೆ. ಸಿಪ್ಪೆ ತೆಗೆದ ಬೀಜವನ್ನು ಕುದಿಯುವ ನೀರಿಗೇ ಹಾಕಿ, ಆಗ ಕಿಣ್ವ ಸಾಯುತ್ತದೆ. 9 ಗ್ರಾಂ ಮೀರಲೇಬೇಡಿ. ಮಕ್ಕಳಿಗೆ ಮನೆಯಲ್ಲಿ ಇದನ್ನು ಮಾಡಿ ಕುಡಿಸುವುದು ಬೇಡ.

ಉತ್ತರ 2:
ಕ್ಯಾಪ್ಸೂಲ್ ಬೇಡ. 2003ರ ಸಾರ್ಸ್ ಸಮಯದಲ್ಲಿ ರೂಪಿಸಿದ ಅದರ 13 ಪದಾರ್ಥಗಳಲ್ಲಿ ಈ ನಾಲ್ಕೂ ಇವೆ, ಮಾಹ್ವಾಂಗ್‌ನಲ್ಲಿರುವ ಎಫೆಡ್ರಿನ್ ಎರಡು ಕಡೆಯಿಂದ ಒಳಗೆ ಹೋಗುತ್ತದೆ. ಬಿಪಿ, ಹೃದಯದ ತೊಂದರೆ ಇರುವವರಿಗೆ ಎದೆಬಡಿತ ಏರುತ್ತದೆ. ಮೂಗು ಕಟ್ಟಿದ್ದಕ್ಕೆ ಸೂಡೊಎಫೆಡ್ರಿನ್ ಮಾತ್ರೆ ನುಂಗುತ್ತಿದ್ದರೆ ಇನ್ನೂ ಕೆಟ್ಟದ್ದು. ಜ್ಯೇಷ್ಠಮಧು ದಿನಗಟ್ಟಲೆ ಹೋದರೆ ಪೊಟ್ಯಾಸಿಯಂ ಇಳಿಯುತ್ತದೆ, ನೀರಿಳಿಸುವ ಮಾತ್ರೆಯವರು ಎಚ್ಚರ. ಅಂದ ಹಾಗೆ, ಚೀನಾದ ವಿಟಮಿನ್ ಸಿ ಯಿನ್‌ಚಿಯಾವ್ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಸೇರಿಸಿರುತ್ತಾರೆ. ಗಿಡಮೂಲಿಕೆ ಎಂದುಕೊಂಡು ಮೇಲೊಂದು ಜ್ವರದ ಮಾತ್ರೆ ನುಂಗಿದರೆ ಪೆಟ್ಟು ಬೀಳುವುದು ಲಿವರ್‌ಗೆ.

ಪ್ರಶ್ನೆ ಕೇಳಿದವರು:
ಬೀಜದ ವಿಷಯ ಗೊತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೆ ಫಲ ಇದೆಯೇ?

ಉತ್ತರ 3:
2011ರಲ್ಲಿ ಪ್ರಕಟವಾದ ಚೀನಾದ ಪರೀಕ್ಷೆಯೊಂದರಲ್ಲಿ 410 ಎಚ್1ಎನ್1 ರೋಗಿಗಳಿದ್ದರು. ಜ್ವರ ಬಿಡಲು ಮದ್ದಿಲ್ಲದವರಿಗೆ 26 ಗಂಟೆ, ಫ್ಲೂ ವೈರಸ್ ಮದ್ದು ಒಸೆಲ್ಟಾಮಿವಿರ್‌ಗೆ 20, ಈ ಕಷಾಯಕ್ಕೆ ಯಿನ್‌ಚಿಯಾವ್ ಎಂಬ ಇನ್ನೊಂದು ಮೂಲಿಕೆ ಮಿಶ್ರಣ (ಮೇಲೆ ಹೇಳಿದ ಮಾತ್ರೆಯಲ್ಲ) ಸೇರಿಸಿದ್ದಕ್ಕೆ 16. ಹುಸಿಮದ್ದಿನ ಗುಂಪು ಇರಲಿಲ್ಲ, ಕೊಟ್ಟದ್ದು 12 ಮೂಲಿಕೆಗಳ ಮಿಶ್ರಣ. ನಿಮ್ಮ ನಾಲ್ಕರ ಕಷಾಯಕ್ಕೆ ಆ ಅಂಕಿಗಳನ್ನು ಹಾಗೇ ಹೊಂದಿಸಲಾಗದು. ಜ್ವರ ಬೇಗ ಬಿಟ್ಟಿತು ಎಂದ ಮಾತ್ರಕ್ಕೆ ನ್ಯುಮೋನಿಯಾ ತಪ್ಪಿತು ಎಂದೂ ಅಲ್ಲ. ಉಸಿರು ಕಟ್ಟುತ್ತಿದ್ದರೆ, ಆಕ್ಸಿಜನ್ 94ಕ್ಕಿಂತ ಇಳಿದರೆ ಒಲೆ ಆರಿಸಿ ಆಸ್ಪತ್ರೆಗೆ ಹೊರಡಿ.