‘ಮಲಗಿದ್ದಾರೆ’ ಎಂದರೆ ನಿದ್ರಿಸುತ್ತಿದ್ದಾರೆ ಎಂದೇ? ನಿದ್ರೆಯ ಸೆನ್ಸರ್ ಕುರಿತು ಎರಡು ಪದಗಳ ವಿಚಾರ

ಮಾನ್ಯರೇ,

ಬೌದ್ಧಿಕ ಅಂಗವೈಕಲ್ಯವುಳ್ಳ ವಯಸ್ಕರು ವಾಸಿಸುವ ಒಂದು ವಸತಿ ಕೇಂದ್ರಕ್ಕಾಗಿ, ಹಾಸಿಗೆಯಡಿ ಇರಿಸುವ ನಿದ್ರೆಯ ಸೆನ್ಸರಿನ ಮಾಹಿತಿಪತ್ರವನ್ನೂ ಒಪ್ಪಿಗೆಪತ್ರವನ್ನೂ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. (2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ‘ಬುದ್ಧಿಮಾಂದ್ಯ’ ಎಂಬುದನ್ನು ಕೈಬಿಟ್ಟಿದ್ದೇನೆ, ‘ಸಂವೇದಕ’ ಎಂದರೆ ಯಾರಿಗೂ ತಿಳಿಯದ ಕಾರಣ ‘ಸೆನ್ಸರ್’ ಎಂದೇ ಉಳಿಸಿದ್ದೇನೆ.) ತೊಡಕಿರುವುದು ಬೇರೆ ಎರಡು ಪದಗಳಲ್ಲಿ.

ಮೊದಲನೆಯದು ‘ಮಲಗು’. ‘ರಾತ್ರಿ ಚೆನ್ನಾಗಿ ಮಲಗಿದನೇ?’ ಎಂದು ತಾಯಿ ಕೇಳುವಾಗ ಅವಳು ವಿಚಾರಿಸುವುದು ನಿದ್ದೆಯನ್ನೇ. ‘ಮಲಗಿದ್ದೆ, ನಿದ್ದೆ ಹತ್ತಲಿಲ್ಲ’ ಎಂದಾಗ ಅದೇ ಪದ ಬರಿಯ ಭಂಗಿಯನ್ನು ಹೇಳುತ್ತದೆ. ಮಾತುಕತೆಯಲ್ಲಿ ಸಂದರ್ಭವೇ ಅರ್ಥವನ್ನು ಬಿಡಿಸಿಕೊಡುತ್ತದೆ, ಯಂತ್ರದ ವರದಿಯಲ್ಲಿ ಹಾಗಾಗದು. ಹಾಸಿಗೆಯಡಿಯ ಪಟ್ಟಿಯು ಹೊರಳಾಟ, ಉಸಿರಿನ ಏರಿಳಿತ ಮತ್ತು ಎದೆಬಡಿತದ ಸೂಕ್ಷ್ಮ ಕಂಪನವನ್ನು ಗ್ರಹಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಆಕ್ಟಿಗ್ರಫಿ ಸಾಧನವು ಕೈಯ ಚಲನೆಯನ್ನು ಎಣಿಸುತ್ತದೆ. ಇವೆರಡೂ ನಿದ್ರೆಯನ್ನು ಅಂದಾಜು ಮಾಡುತ್ತವೆಯೇ ಹೊರತು, ಮಿದುಳಿನ ಅಲೆಗಳನ್ನೂ ಕಣ್ಣಿನ ಚಲನೆಯನ್ನೂ ದಾಖಲಿಸುವ ಪಾಲಿಸಾಮ್ನೋಗ್ರಫಿ ಎಂಬ ನಿದ್ರಾ ಪರೀಕ್ಷೆಯಂತೆ ಅಳೆಯುವುದಿಲ್ಲ. ಎಚ್ಚರವಿದ್ದೂ ಅಲ್ಲಾಡದೆ ಸೂರು ನೋಡುತ್ತ ಬಿದ್ದುಕೊಂಡವರನ್ನು ಆಕ್ಟಿಗ್ರಫಿ ಹೆಚ್ಚಾಗಿ ನಿದ್ರಿತರ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ರಾತ್ರಿ ಹೇಗಿತ್ತೆಂದು ಬಾಯಿಬಿಟ್ಟು ಹೇಳಲಾರದವರ ವಿಷಯದಲ್ಲಿ ಈ ತಪ್ಪನ್ನು ಬೆಳಗ್ಗೆ ತಿದ್ದುವವರೂ ಇರುವುದಿಲ್ಲ.

ನನ್ನ ಮೊದಲ ಕರಡಿನ ಮಾದರಿ ವರದಿಯಲ್ಲಿ ಒಬ್ಬರು ರಾತ್ರಿ 10ಕ್ಕೆ ಹಾಸಿಗೆ ಸೇರಿ 6ಕ್ಕೆ ಎದ್ದಿದ್ದರು. ಆ 8 ಗಂಟೆಗಳಲ್ಲಿ ನಿದ್ರಿಸಿದ್ದು 6 ಗಂಟೆ, ಅಂದರೆ ಶೇ. 75. ನಾನು ಮೊದಲ ಸಾಲಿಗೆ ‘ಮಲಗಿದ ಅವಧಿ’ ಎಂದು ಬರೆದಿದ್ದೆ. ಅದನ್ನು ಓದಿದ ರಾತ್ರಿ ಪಾಳಿಯ ಆಯಾ, ‘8 ಗಂಟೆ ಮಲಗಿದ್ದಾರಲ್ಲ, ಇನ್ನೇನು ಬೇಕು?’ ಎಂದರು. ಈಗ ‘ಹಾಸಿಗೆಯಲ್ಲಿದ್ದ ಅವಧಿ’, ‘ನಿದ್ರಿಸಿದ ಅವಧಿ’ ಎಂದು ಬೇರ್ಪಡಿಸಿದ್ದೇನೆ. ‘ನಿದ್ರಾರಂಭ ವಿಳಂಬ’ ಎಂಬ ಭಾರದ ಪದವನ್ನು ಅಳಿಸಿ ‘ನಿದ್ದೆ ಹತ್ತಲು ಹಿಡಿದ ಸಮಯ’ ಎಂದಿದ್ದೇನೆ.

ಎರಡನೆಯದು, ರಾತ್ರಿಯಿಡೀ ನಡೆಯುವ ಈ ಕೆಲಸಕ್ಕೇ ಒಂದು ಹೆಸರು. ‘ಕಣ್ಗಾವಲು’ ಎಂದೊಡನೆ ಕ್ಯಾಮೆರಾ ಮತ್ತು ಪೊಲೀಸರು ನೆನಪಾಗುತ್ತಾರೆ, ಈ ಪಟ್ಟಿಯಲ್ಲಾದರೋ ಕ್ಯಾಮೆರಾ ಇಲ್ಲ. ‘ಮೇಲ್ವಿಚಾರಣೆ’ ಕೆಲಸಗಾರರ ಮೇಲಿನದು. ‘ಗಮನಿಸುವುದು’ ಎಂದರೆ ಮಾತು ತೀರ ಮೆತ್ತಗಾಗಿ, ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇವೆ ಎಂಬುದೇ ಮರೆಯಾಗುತ್ತದೆ. ‘ತೀವ್ರ ನಿಗಾ ಘಟಕ’ದಿಂದ ಎಲ್ಲರಿಗೂ ಪರಿಚಿತವಾದ ‘ನಿಗಾ’ ನನಗೆ ಒಪ್ಪಿಗೆಯಾಗುತ್ತದೆ. ಬೌದ್ಧಿಕ ಅಂಗವೈಕಲ್ಯಕ್ಕೆ ಒಂದು ಕಾರಣವಾದ ಡೌನ್ ಸಿಂಡ್ರೋಮ್ ಇರುವವರಲ್ಲಿ ನಿದ್ದೆಯ ನಡುವೆ ಉಸಿರುಗಟ್ಟುವ ತೊಂದರೆ ಹೆಚ್ಚಾಗಿ ಕಾಣುವುದರಿಂದ ಆ ಪದದ ಆಸ್ಪತ್ರೆಯ ವಾಸನೆಯೂ ಇಲ್ಲಿ ಅಸಂಗತವಲ್ಲ. ಆದರೆ ನನ್ನ ಕಿವಿಗೆ ನಿಗಾ ಇಡುವವರು ಮನುಷ್ಯರೇ ಆಗಬೇಕು. ಆದ್ದರಿಂದ ‘ಸೆನ್ಸರ್ ದಾಖಲಿಸುತ್ತದೆ, ಸಿಬ್ಬಂದಿ ನಿಗಾ ಇಡುತ್ತಾರೆ’ ಎಂದು ಒಡೆದು ಬರೆದಿದ್ದೇನೆ. ‘ಸೆನ್ಸರ್ ನಿಗಾ ಇಡುತ್ತದೆ’ ಎಂಬುದು ನಿಮಗೆ ಸಹಜವೆನಿಸುತ್ತದೆಯೇ?

ಹಾಗೆಯೇ, ನಿದ್ದೆ ಬಂದಿರಲಿ ಬಿಡಲಿ, ಹಾಸಿಗೆಯ ಮೇಲೆ ಮೈಚಾಚಿರುವುದನ್ನಷ್ಟೇ ಹೇಳುವ ಒಂದೇ ಪದ ನಿಮ್ಮ ಸೀಮೆಯಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ‘ಅಡ್ಡಾಗು’ ಎಂಬುದನ್ನು ಯೋಚಿಸಿದ್ದೆ; ಅದು ಊಟವಾದ ಮೇಲಿನ ಅರ್ಧ ಗಂಟೆಗೆ ಸಲ್ಲುತ್ತದೆ, ಇಡೀ ರಾತ್ರಿಗಲ್ಲ.